ಪಣವೊಡ್ಡುವುದು, ಪಣತೊಡುವುದು: ಜೂಜಿನ ನಿಯಂತ್ರಣ ಮತ್ತು ಶಿಕ್ಷಣದ ಕನ್ನಡ ಚರಿತ್ರೆ

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಕಣಕುಂಬಿಯು ಮಲಪ್ರಭೆಯ ಉಗಮಸ್ಥಾನವೆಂದು ಕನ್ನಡಿಗರಿಗೆ ಪರಿಚಿತ. ಇಲ್ಲಿ ಹುಟ್ಟಿದ ಹೊಳೆ ಪೂರ್ವಾಭಿಮುಖವಾಗಿ ಹರಿದು, ಪಟ್ಟದಕಲ್ಲು ಐಹೊಳೆಗಳನ್ನು ಹಾಯ್ದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಇದೇ ತಾಲೂಕಿನ ಕಾಡಿನಲ್ಲಿ ಹುಟ್ಟುವ ಮತ್ತೊಂದು ಹೊಳೆ ಮಹದಾಯಿ. ಅದು ಪಶ್ಚಿಮಕ್ಕೆ ಇಳಿದು ಗೋವೆಯಲ್ಲಿ ಮಾಂಡವಿ ಎನಿಸಿ ಪಣಜಿಯ ಬಳಿ ಕಡಲಿಗೆ ಸೇರುತ್ತದೆ. ಕಣಕುಂಬಿಯ ಸುತ್ತಿನ ಕಳಸಾ ಹಳ್ಳದ ನೀರು ಯಾವ ಕಡೆಗೆ ಹರಿಯಬೇಕೆಂಬ ವ್ಯಾಜ್ಯ ಎರಡೂ ರಾಜ್ಯಗಳ ಮನೆಮಾತು. ಆದರೆ ಕಣಕುಂಬಿಯನ್ನು ಹಾಯ್ದು ಚೋರ್ಲಾ ಘಟ್ಟ ಇಳಿಯುವ ಹೆದ್ದಾರಿಯಲ್ಲಿ ನೀರಿನಷ್ಟೇ ಸಹಜವಾಗಿ ಹರಿದುಹೋಗುವ ಇನ್ನೊಂದು ಪ್ರವಾಹವಿದೆ. ಅದು ಮಾಂಡವಿಯ ಮೇಲೆ ತೇಲುವ ಕ್ಯಾಸಿನೊ ಹಡಗುಗಳತ್ತ ಸಾಗುವ ಜನ ಮತ್ತು ಹಣದ ಪ್ರವಾಹ. ಘಟ್ಟದ ಈಚೆ ಮಗ್ಗುಲಲ್ಲಿ ಅಪರಾಧವೆನಿಸಿದ ಆಟಕ್ಕೆ ಆಚೆ ಮಗ್ಗುಲಲ್ಲಿ ಸರಕಾರದ ಪರವಾನಗಿಯಿದೆ.

ಜೂಜನ್ನು ನಿಷೇಧಿಸಬೇಕೆ, ಅಂಕೆಯಲ್ಲಿಟ್ಟು ನಡೆಯಗೊಡಬೇಕೆ, ಅಥವಾ ತಿಳಿವಳಿಕೆ ಕೊಟ್ಟು ಜನರ ವಿವೇಕಕ್ಕೆ ಬಿಡಬೇಕೆ ಎಂಬುದು ಇಂದಿನ ಆಡಳಿತಗಾರರ ಚರ್ಚೆ. ‘ಹೊಣೆಯರಿತ ಜೂಜು’ ಎಂಬ ನುಡಿಗಟ್ಟು ಈ ಚರ್ಚೆಯಲ್ಲಿ ಈಚೆಗೆ ಬಂದುದು. ನುಡಿಗಟ್ಟು ಹೊಸದಾದರೂ ಪ್ರಶ್ನೆ ಹೊಸದಲ್ಲ. ಕನ್ನಡ ನೆಲದಲ್ಲಿಯೇ ಈ ಪ್ರಶ್ನೆಗೆ ಎರಡು ದೀರ್ಘ ಪರಂಪರೆಗಳು ಉತ್ತರ ಹುಡುಕಿವೆ. ಒಂದು, ಕಲ್ಯಾಣದಲ್ಲಿ ರೂಪುಗೊಂಡ ನ್ಯಾಯಶಾಸ್ತ್ರದ ಪರಂಪರೆ. ಇನ್ನೊಂದು, ಜೈನಾಚಾರ್ಯರು ಬೆಳೆಸಿದ ಶ್ರಾವಕಾಚಾರದ ಪರಂಪರೆ. ಮೊದಲನೆಯದು ಆಟದ ಮನೆಯನ್ನು ನೋಡಿತು, ಎರಡನೆಯದು ಆಡುವವನ ಮನಸ್ಸನ್ನು ನೋಡಿತು. ಇವೆರಡನ್ನೂ ಒಟ್ಟಿಗೆ ಓದಿದರೆ ಕಣಕುಂಬಿಯ ಗಡಿಯಲ್ಲಿ ಇಂದು ಕಾಣುವ ಇಕ್ಕಟ್ಟು ಹೆಚ್ಚು ಸ್ಪಷ್ಟವಾಗುತ್ತದೆ.

ಪದಗಳ ಸಾಕ್ಷ್ಯ

ಮೊದಲು ಕೆಲವು ಪದಗಳನ್ನು ಗಮನಿಸಬೇಕು. ಸಂಸ್ಕೃತದ ‘ದ್ಯೂತ’ವು ಕನ್ನಡದಲ್ಲಿ ‘ಜೂದು’, ‘ಜೂಜು’ ಎಂದಾಯಿತು. ಪಗಡೆಯಾಟಕ್ಕೂ ಅದರ ಮೂಲಕ ನಡೆಯುವ ಜೂಜಿಗೂ ಹಳಗನ್ನಡ ಕವಿಗಳು ‘ನೆತ್ತ’ ಎಂಬ ಪದವನ್ನು ಬಳಸಿದರು. ಇಂದು ನಾವು ‘ಸಭಿಕರು’ ಎಂದರೆ ಭಾಷಣ ಕೇಳಲು ಕುಳಿತವರು ಎಂದು ತಿಳಿಯುತ್ತೇವೆ. ಧರ್ಮಶಾಸ್ತ್ರಗಳಲ್ಲಿ ‘ಸಭಿಕ’ ಎಂದರೆ ಜೂಜುಸಭೆಯನ್ನು ನಡೆಸುವವನು, ದಾಳ ಮೊದಲಾದ ಸಲಕರಣೆ ಒದಗಿಸಿ ಗೆದ್ದವನಿಂದ ಪಾಲು ಪಡೆಯುವವನು. ಜೂಜುಗಾರನನ್ನು ಹೇಳುವ ‘ಕಿತವ’, ‘ಧೂರ್ತ’ ಎಂಬ ಪದಗಳು ಕಾಲಕ್ರಮದಲ್ಲಿ ಮೋಸಗಾರನೆಂಬ ಅರ್ಥಕ್ಕೆ ಸರಿದವು.

‘ವ್ಯಸನ’ ಎಂಬ ಪದದ ಬಾಳು ಇನ್ನೂ ಕುತೂಹಲಕರವಾದುದು. ಕನ್ನಡದಲ್ಲಿ ಅದಕ್ಕೆ ಬಿಡಲಾಗದ ಚಟ ಎಂಬ ಅರ್ಥವೂ ಇದೆ, ದುಃಖ ಎಂಬ ಅರ್ಥವೂ ಇದೆ. ಕಾರಣ ಮತ್ತು ಫಲ ಎರಡನ್ನೂ ಒಂದೇ ಪದ ಹೊತ್ತಿದೆ. ‘ಪಣ’ವಂತೂ ಒಂದು ನಾಣ್ಯದ ಹೆಸರು, ಜೂಜಿನಲ್ಲಿ ಇಡುವ ಒತ್ತೆಯ ಹೆಸರು, ಜೊತೆಗೆ ಪ್ರತಿಜ್ಞೆಯ ಹೆಸರೂ ಹೌದು. ಪಣವೊಡ್ಡುವವನು ಜೂಜುಗಾರ, ಪಣತೊಡುವವನು ವ್ರತಿ. ಮುಂದೆ ನೋಡಲಿರುವ ಎರಡು ಪರಂಪರೆಗಳ ಅಂತರ ಈ ಎರಡು ಕ್ರಿಯಾಪದಗಳ ಅಂತರವೇ ಆಗಿದೆ.

ಕಲ್ಯಾಣದ ನ್ಯಾಯ

ಜೂಜಿನ ಬಗ್ಗೆ ಸ್ಮೃತಿಕಾರರಲ್ಲಿ ಏಕಮತವಿರಲಿಲ್ಲ. ಮನುವು ಅದನ್ನು ಪೂರ್ಣವಾಗಿ ನಿಷೇಧಿಸಿದ. ರಾಜನು ತನ್ನ ರಾಷ್ಟ್ರದಿಂದಲೇ ಅದನ್ನು ತೊಲಗಿಸಬೇಕೆಂಬುದು ಅವನ ನಿಲುವು. ಕೌಟಿಲ್ಯನ ದಾರಿ ಬೇರೆ. ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ಅವನು ದ್ಯೂತಾಧ್ಯಕ್ಷನ ಕರ್ತವ್ಯಗಳನ್ನು ಹೇಳುತ್ತಾನೆ. ಆಟ ಒಂದೇ ಕಡೆ ನಡೆಯಬೇಕು. ಬೇರೆಡೆ ಆಡಿದವನಿಗೆ 12 ಪಣ ದಂಡ. ಅಧ್ಯಕ್ಷನು ಶುದ್ಧವಾದ ಕವಡೆ-ದಾಳಗಳನ್ನು ಒದಗಿಸಬೇಕು. ಅವನ್ನು ಬದಲಿಸಿದವನಿಗೂ ಅಷ್ಟೇ ದಂಡ. ಗೆದ್ದ ಮೊತ್ತದಲ್ಲಿ ನೂರಕ್ಕೆ ಐದು ಪಾಲು ಅಧ್ಯಕ್ಷನಿಗೆ ಸಲ್ಲಬೇಕು. ಸಲಕರಣೆಗಳ ಬಾಡಿಗೆ, ನೀರು, ನೆಲ ಮತ್ತು ಅನುಮತಿಯ ಶುಲ್ಕ ಬೇರೆ. ಜೂಜುಗಾರರಲ್ಲಿ ಬಹುಮಂದಿ ಕಪಟದಿಂದ ಆಡುವವರೇ ಎಂಬುದು ಕೌಟಿಲ್ಯನ ಖಚಿತ ಅಭಿಪ್ರಾಯ. ಆದುದರಿಂದಲೇ ಸೋತವನಿಗೆ ಹೆಚ್ಚು ದಂಡ ವಿಧಿಸಿದರೆ ಯಾರೂ ರಾಜನ ಬಳಿ ದೂರು ತರಲಾರರು ಎಂದು ಅವನು ತನ್ನ ಹಿಂದಿನ ಆಚಾರ್ಯರ ಮತವನ್ನು ತಳ್ಳಿಹಾಕುತ್ತಾನೆ. ಮೋಸಹೋದವನು ಬಾಯಿಬಿಡುವಂತೆ ಕಾನೂನು ಇರಬೇಕೆಂಬ ಈ ವಿವೇಕ ಇಂದಿಗೂ ಬೆಲೆಯುಳ್ಳದ್ದು.

ಯಾಜ್ಞವಲ್ಕ್ಯನು ಕೌಟಿಲ್ಯನ ದಾರಿಗೆ ಹತ್ತಿರದವನು. ಅವನ ಸ್ಮೃತಿಗೆ ಅತ್ಯಂತ ಪ್ರಭಾವಶಾಲಿ ವ್ಯಾಖ್ಯಾನ ಹುಟ್ಟಿದ್ದು ಕನ್ನಡ ನೆಲದಲ್ಲಿ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿದ್ದ ವಿಜ್ಞಾನೇಶ್ವರನ ‘ಮಿತಾಕ್ಷರಾ’ವೇ ಅದು. ದ್ಯೂತ-ಸಮಾಹ್ವಯ ಪ್ರಕರಣದಲ್ಲಿ ಬರುವ ವ್ಯವಸ್ಥೆಯ ಸಾರ ಹೀಗಿದೆ. ನೂರು ಅಥವಾ ಅದಕ್ಕೂ ಮಿಕ್ಕಿ ಗೆದ್ದವನಿಂದ ಸಭಿಕನು ನೂರಕ್ಕೆ ಐದರಂತೆ, ಉಳಿದವರಿಂದ ಹತ್ತರಂತೆ ಪಡೆಯಬೇಕು. ತನಗೆ ರಕ್ಷಣೆ ಕೊಡುವ ರಾಜನಿಗೆ ಒಪ್ಪಿದ ಪಾಲನ್ನು ಸಲ್ಲಿಸಬೇಕು. ಸೋತವನಿಂದ ವಸೂಲು ಮಾಡಿ ಗೆದ್ದವನಿಗೆ ಕೊಡುವುದು ಅವನ ಹೊಣೆ. ಅವನು ಸತ್ಯವಂತನೂ ತಾಳ್ಮೆಯುಳ್ಳವನೂ ಆಗಿರಬೇಕು. ರಾಜನಿಗೆ ಪಾಲು ಸಂದ, ಸಭಿಕನಿರುವ, ಎಲ್ಲರಿಗೂ ತಿಳಿದ ಸ್ಥಳದಲ್ಲಿ ಗೆದ್ದುದನ್ನು ಮಾತ್ರ ರಾಜನು ಕೊಡಿಸಬೇಕು. ಗುಟ್ಟಾಗಿ ಆಡಿದ ಆಟದ ಗೆಲವಿಗೆ ರಾಜನ ನೆರವಿಲ್ಲ. ಕಪಟದ ದಾಳದಿಂದ ಆಡಿದವನಿಗೆ ಮೈಮೇಲೆ ಗುರುತು ಹಾಕಿ ಗಡೀಪಾರು. ಆಟವೆಲ್ಲ ಒಂದೇ ಕಡೆ ನಡೆದರೆ ಕಳ್ಳರನ್ನು ಪತ್ತೆಹಚ್ಚಲು ಅನುಕೂಲ. ಕೋಳಿ, ಟಗರು ಮೊದಲಾದ ಪ್ರಾಣಿಗಳ ಕಾಳಗದ ಪಂದ್ಯಕ್ಕೂ ಇದೇ ವಿಧಿ.

ಹಾಗಾದರೆ ಮನುವಿನ ನಿಷೇಧದ ಗತಿಯೇನು? ವಿಜ್ಞಾನೇಶ್ವರ ಅದನ್ನು ಅಲ್ಲಗಳೆಯುವುದಿಲ್ಲ. ಆ ವಚನಗಳು ಕಪಟದ ಆಟಕ್ಕೆ ಮತ್ತು ರಾಜಾಧ್ಯಕ್ಷನಾಗಲಿ ಸಭಿಕನಾಗಲಿ ಇಲ್ಲದೆ ನಡೆಯುವ ಆಟಕ್ಕೆ ಅನ್ವಯಿಸುತ್ತವೆ ಎಂದು ಸಮನ್ವಯ ಮಾಡುತ್ತಾನೆ. ಪರವಾನಗಿಯಿಲ್ಲದ ಜೂಜು ಅಪರಾಧ, ಪರವಾನಗಿಯಿರುವುದು ವ್ಯವಹಾರ ಎಂಬ ಇಂದಿನ ಗೋವೆಯ ಕಾನೂನಿನ ತರ್ಕವನ್ನು ಒಂಬೈನೂರು ವರ್ಷಗಳ ಹಿಂದೆಯೇ ಕಲ್ಯಾಣದಲ್ಲಿ ಕಾಣಬಹುದು. ಅದೇ ಮನೆತನದ ಮೂರನೆಯ ಸೋಮೇಶ್ವರ, ಎಂದರೆ ವಿಕ್ರಮಾದಿತ್ಯನ ಮಗ, ಸುಮಾರು 1129ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚದುರಂಗ-ಪಗಡೆಗಳೂ ಕೋಳಿಕಾಳಗವೂ ಅರಸನ ವಿನೋದಗಳಾಗಿ ವರ್ಣಿತವಾಗಿವೆ. ಅರಮನೆಗೆ ಆಟ ವಿನೋದ, ಪೇಟೆಗೆ ಅದು ನಿಯಮಕ್ಕೊಳಪಟ್ಟ ವ್ಯವಹಾರ.

ಈ ವ್ಯವಸ್ಥೆಯಲ್ಲಿ ಮನೆಮಂದಿಗೆ ಏನಾದರೂ ರಕ್ಷಣೆಯಿತ್ತೆ? ಋಣಾದಾನ ಪ್ರಕರಣದಲ್ಲಿ ಅದಕ್ಕೆ ಉತ್ತರವಿದೆ. ಹೆಂಡಕ್ಕಾಗಿ, ಕಾಮಕ್ಕಾಗಿ, ಜೂಜಿಗಾಗಿ ತಂದೆ ಮಾಡಿದ ಸಾಲವನ್ನು ಮಗನು ತೀರಿಸಬೇಕಾಗಿಲ್ಲ. ತಂದೆಯ ಋಣವನ್ನು ತೀರಿಸುವುದು ಮಗನ ಧರ್ಮವೆಂದು ನಂಬಿದ್ದ ಸಮಾಜದಲ್ಲಿ ಇದು ಸಣ್ಣ ವಿನಾಯಿತಿಯಲ್ಲ. ಬ್ರಿಟಿಷರ ಕಾಲದ ಹಿಂದೂ ನ್ಯಾಯದಲ್ಲಿಯೂ ‘ಅವ್ಯಾವಹಾರಿಕ ಋಣ’ ಎಂಬ ಹೆಸರಿನಲ್ಲಿ ಈ ತತ್ತ್ವ ಉಳಿದುಬಂತು. ಆಟವನ್ನು ಒಪ್ಪಿದ ಶಾಸ್ತ್ರವೇ ಆಟದ ಸಾಲ ಮುಂದಿನ ತಲೆಮಾರಿಗೆ ಇಳಿಯದಂತೆ ಒಡ್ಡು ಕಟ್ಟಿತ್ತು.

ಶ್ರಾವಕಾಚಾರದ ಶಿಕ್ಷಣ

ಜೈನ ಪರಂಪರೆ ಪ್ರಶ್ನೆಯನ್ನು ಬೇರೆ ತುದಿಯಿಂದ ಹಿಡಿಯಿತು. ಗೃಹಸ್ಥನಾದ ಶ್ರಾವಕನು ಬಿಡಬೇಕಾದ ಸಪ್ತವ್ಯಸನಗಳು ಇವು: ಜೂಜು, ಮಾಂಸ, ಮದ್ಯ, ವೇಶ್ಯಾಗಮನ, ಬೇಟೆ, ಕಳವು, ಪರಸ್ತ್ರೀಸಂಗ. ಪಟ್ಟಿಯ ಮೊದಲಲ್ಲಿ ಜೂಜಿರುವುದು ಆಕಸ್ಮಿಕವಲ್ಲ. ಸೋತವನು ಸಾಲಕ್ಕೆ, ಸುಳ್ಳಿಗೆ, ಕಳವಿಗೆ ಇಳಿಯುತ್ತಾನೆ. ಗೆದ್ದವನು ಹೆಂಡಕ್ಕೆ, ವಿಲಾಸಕ್ಕೆ ಜಾರುತ್ತಾನೆ. ಉಳಿದ ವ್ಯಸನಗಳಿಗೆ ಇದು ಬಾಗಿಲೆಂಬುದು ಆಚಾರ್ಯರ ವಿವರಣೆ.

ಶ್ರಾವಕನ ಅಷ್ಟಮೂಲಗುಣಗಳ ಪಟ್ಟಿಯಲ್ಲಿ ಆದ ಒಂದು ಬದಲಾವಣೆ ಇಲ್ಲಿ ಗಮನಾರ್ಹ. ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಐದು ಅಣುವ್ರತಗಳ ಜೊತೆಗೆ ಮದ್ಯ, ಮಾಂಸ, ಮಧು ಈ ಮೂರರ ತ್ಯಾಗ ಸೇರಿ ಎಂಟಾಗುತ್ತವೆ. ಶ್ರವಣಬೆಳಗೊಳದ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನ ಹೆಸರಿನಲ್ಲಿರುವ ಸಂಸ್ಕೃತದ ‘ಚಾರಿತ್ರಸಾರ’ದಲ್ಲಿ, ಜಿನಸೇನರ ಮತವೆಂದು ಹೇಳಿರುವ ಪಟ್ಟಿಯಲ್ಲಿ, ಮಧುವಿನ ಸ್ಥಾನದಲ್ಲಿ ದ್ಯೂತ ಬಂದಿದೆ. ಜೇನನ್ನು ಬಿಡುವುದು ಸೂಕ್ಷ್ಮಜೀವಿಗಳ ಹಿಂಸೆಯನ್ನು ತಪ್ಪಿಸುವ ಆಹಾರನಿಯಮ. ಅದರ ಜಾಗಕ್ಕೆ ಜೂಜು ಬಂದುದರ ಅರ್ಥ, ಗೃಹಸ್ಥಧರ್ಮದ ಅಡಿಗಲ್ಲಿನಲ್ಲಿಯೇ ಆರ್ಥಿಕ ಸಂಯಮಕ್ಕೆ ಸ್ಥಾನ ದೊರೆಯಿತು ಎಂದು. ವಾಣಿಜ್ಯವನ್ನೇ ನೆಚ್ಚಿದ ಶ್ರಾವಕ ಸಮುದಾಯಕ್ಕೆ ಈ ಬದಲಾವಣೆಯ ಅಗತ್ಯ ತಿಳಿದಿರಲೇಬೇಕು.

ಶಿಕ್ಷಣದ ಉಪಕರಣವಾಗಿ ಆಚಾರ್ಯರು ಒಂದೊಂದು ವ್ಯಸನಕ್ಕೆ ಒಬ್ಬೊಬ್ಬ ದೃಷ್ಟಾಂತಪುರುಷನನ್ನು ಕೊಟ್ಟರು. ಮದ್ಯದಿಂದ ಕೆಟ್ಟವರು ಯಾದವರು, ಪರಸ್ತ್ರೀಯಿಂದ ರಾವಣ, ವೇಶ್ಯೆಯಿಂದ ಚಾರುದತ್ತ. ಜೂಜಿನಿಂದ ಕೆಟ್ಟವನು ಯುಧಿಷ್ಠಿರ. ಈ ಆಯ್ಕೆಯಲ್ಲಿ ಆಳವಾದ ಬೋಧನಾವಿವೇಕವಿದೆ. ಜೂಜಿಗೆ ಶಕುನಿಯನ್ನೋ ದುರ್ಯೋಧನನನ್ನೋ ಉದಾಹರಿಸುವುದು ಸುಲಭವಿತ್ತು. ಆದರೆ ಆಚಾರ್ಯರು ಹೆಸರಿಸಿದ್ದು ಧರ್ಮಸುತನನ್ನು. ಪುನ್ನಾಟ ಸಂಘದ ಜಿನಸೇನರ ‘ಹರಿವಂಶಪುರಾಣ’ದಲ್ಲಿ (783) ಅದೇ ಯುಧಿಷ್ಠಿರ ಕೊನೆಗೆ ಶತ್ರುಂಜಯದಲ್ಲಿ ಮೋಕ್ಷ ಪಡೆಯುತ್ತಾನೆ. ಮೋಕ್ಷಗಾಮಿಯೂ ನೆತ್ತದ ಹಲಗೆಯ ಮುಂದೆ ಸೋಲಬಲ್ಲ. ಹಾಗೆ ಸೋತವನೂ ಮುಂದೆ ಬಿಡುಗಡೆ ಹೊಂದಬಲ್ಲ. ಜೂಜು ಕೆಟ್ಟವರ ಗುಣವಲ್ಲ, ಯಾರನ್ನಾದರೂ ಹಿಡಿಯಬಲ್ಲ ಬೇನೆ ಎಂಬ ಈ ತಿಳಿವಿನಲ್ಲಿ ನಿಂದೆಯೂ ಇಲ್ಲ, ನಿರಾಶೆಯೂ ಇಲ್ಲ.

ಜೂಜುಗಾರನ ಸ್ಥಿತಿಯ ಬಗ್ಗೆ ಸೋಮದೇವಸೂರಿಯ ಮಾತು ಕಠೋರವಾದುದು. ವೇಮುಲವಾಡದ ಚಾಲುಕ್ಯರ ಆಳ್ವಿಕೆಯ ಗಂಗಾಧರದಲ್ಲಿ 959ರಲ್ಲಿ ‘ಯಶಸ್ತಿಲಕ’ವನ್ನು ಮುಗಿಸಿದ ಇವನು ತನ್ನ ‘ನೀತಿವಾಕ್ಯಾಮೃತ’ದ ವ್ಯಸನ ಸಮುದ್ದೇಶದಲ್ಲಿ, ಜೂಜಿಗೆ ಬಿದ್ದವನು ಮಾಡದ ಅಕೃತ್ಯವಿಲ್ಲ, ತಾಯಿ ಸತ್ತು ಬಿದ್ದಿದ್ದರೂ ಅವನು ಆಡುತ್ತಲೇ ಇರುತ್ತಾನೆ ಎನ್ನುತ್ತಾನೆ. ಅದೇ ಮನೆತನದ ಅರಿಕೇಸರಿಯ ಆಸ್ಥಾನದಲ್ಲಿ ಕೇವಲ ಹದಿನೆಂಟು ವರ್ಷಗಳ ಹಿಂದೆ, 941ರಲ್ಲಿ, ಪಂಪನು ‘ವಿಕ್ರಮಾರ್ಜುನವಿಜಯ’ವನ್ನು ಬರೆದಿದ್ದ. ತನ್ನ ಕಥಾನಾಯಕನ ಅಣ್ಣ ನೆತ್ತದಲ್ಲಿ ರಾಜ್ಯವನ್ನೂ ದ್ರೌಪದಿಯನ್ನೂ ಸೋತ ಪ್ರಸಂಗವನ್ನು ಪಂಪ ಮುಚ್ಚಿಡಲಿಲ್ಲ. ಕಾವ್ಯವೂ ನೀತಿಶಾಸ್ತ್ರವೂ ಒಂದೇ ನಾಡಿನಲ್ಲಿ, ಒಂದೇ ತಲೆಮಾರಿನಲ್ಲಿ ಒಂದೇ ಬೇನೆಯ ಮುಖಾಮುಖಿಯಾದುದು ಸಾಹಿತ್ಯದ ವಿದ್ಯಾರ್ಥಿಗಳು ಜೋಡಿಸಿ ಓದಬೇಕಾದ ಸಂಗತಿ.

ಎಲ್ಲಕ್ಕಿಂತ ಸೂಕ್ಷ್ಮವಾದ ವಿವೇಚನೆ ಹದಿಮೂರನೆಯ ಶತಮಾನದ ಪಂಡಿತ ಆಶಾಧರನದು. ಮಾಳವದಲ್ಲಿದ್ದ ಇವನು ‘ಸಾಗಾರಧರ್ಮಾಮೃತ’ದಲ್ಲಿ ಜೂಜು ಬಿಟ್ಟವನಿಗೆ ಮನೋವಿನೋದಕ್ಕಾಗಿ ಕಟ್ಟುವ ಸಣ್ಣ ಬಾಜಿಯೂ ಅತಿಚಾರವೆಂದು ಹೇಳುತ್ತಾನೆ. ಕೊಡುವ ಕಾರಣ ಹಣದ ನಷ್ಟವಲ್ಲ. ಗೆದ್ದಾಗ ಉಕ್ಕುವ ಹರ್ಷ, ಸೋತಾಗ ಏಳುವ ಅಮರ್ಷ ಇವೆರಡೂ ಕಷಾಯಗಳು; ಅವೇ ಮನಸ್ಸನ್ನು ಕಟ್ಟುತ್ತವೆ. ಒತ್ತೆಯ ಗಾತ್ರವನ್ನು ಬದಿಗಿಟ್ಟು ಆಟ ಮನಸ್ಸಿನಲ್ಲಿ ಎಬ್ಬಿಸುವ ಏರಿಳಿತವನ್ನೇ ಅಳತೆಗೋಲು ಮಾಡಿಕೊಂಡ ಈ ನೋಟ ಇಂದಿನ ಮನೋವೈದ್ಯಕ್ಕೆ ಹತ್ತಿರವಾದುದು. ಅಮೆರಿಕದ ಮನೋವೈದ್ಯರ ರೋಗವರ್ಗೀಕರಣ ಕೈಪಿಡಿಯ ಐದನೆಯ ಆವೃತ್ತಿ 2013ರಲ್ಲಿ ಜೂಜಿನ ರೋಗವನ್ನು ಮದ್ಯ-ಮಾದಕಗಳ ವ್ಯಸನದ ಗುಂಪಿಗೇ ಸೇರಿಸಿತು. ಸಪ್ತವ್ಯಸನದ ಪಟ್ಟಿ ಸಾವಿರ ವರ್ಷಗಳ ಹಿಂದೆಯೇ ಇವನ್ನು ಜೊತೆಗಿಟ್ಟಿತ್ತು.

ಬೋಧನೆಯ ಭಾಷೆಯ ಮಾತೂ ಇಲ್ಲಿ ಬರುತ್ತದೆ. ವಿಜ್ಞಾನೇಶ್ವರನ ಕಾಲದಲ್ಲಿಯೇ, ಅದೇ ಚಾಲುಕ್ಯ ಸಾಮ್ರಾಜ್ಯದ ಮುಳುಗುಂದದಲ್ಲಿ, ನಯಸೇನನು ಸುಮಾರು 1112ರಲ್ಲಿ ‘ಧರ್ಮಾಮೃತ’ವನ್ನು ರಚಿಸಿದ. ಶ್ರಾವಕರ ವ್ರತಗಳನ್ನು ಕಥೆಗಳ ಮೂಲಕ ತಿಳಿಸುವ ಈ ಕೃತಿಯಲ್ಲಿ ಅವನು ಕನ್ನಡಕ್ಕೆ ಹೊಂದದ ಸಂಸ್ಕೃತವನ್ನು ಬೆರೆಸುವುದನ್ನು ತುಪ್ಪಕ್ಕೆ ಎಣ್ಣೆ ಬೆರೆಸಿದಂತೆ ಎಂದು ಹಳಿದ. ಕಾನೂನು ಸಂಸ್ಕೃತದಲ್ಲಿ ಅಧಿಕಾರಿಗಳಿಗಾಗಿ, ಬೋಧೆ ಕನ್ನಡದಲ್ಲಿ ಜನರಿಗಾಗಿ. ಒಂದೇ ರಾಜ್ಯದಲ್ಲಿ ಎರಡೂ ಏಕಕಾಲಕ್ಕೆ ನಡೆದುವು.

ಮಹಾವೀರಾಚಾರ್ಯನ ಕೋಳಿಕಾಳಗ

ಜೂಜಿನ ಕುರಿತ ಶಿಕ್ಷಣವೆಂದರೆ ಬರಿಯ ನೀತಿಬೋಧೆಯಲ್ಲ ಎಂಬುದಕ್ಕೆ ಕನ್ನಡ ನಾಡಿನ ಒಂದು ಗಣಿತಗ್ರಂಥ ಸಾಕ್ಷಿ. ರಾಷ್ಟ್ರಕೂಟ ನೃಪತುಂಗ ಅಮೋಘವರ್ಷನ ಕಾಲದಲ್ಲಿ, ಸುಮಾರು 850ರಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ವನ್ನು ರಚಿಸಿದ. ಮೇಲೆ ಹೇಳಿದ ‘ಆದಿಪುರಾಣ’ದ ಜಿನಸೇನರೂ ಇದೇ ಅಮೋಘವರ್ಷನ ಗುರುಗಳು. ಆ ಗ್ರಂಥದ ಮಿಶ್ರಕ ವ್ಯವಹಾರದಲ್ಲಿ ಒಂದು ಲೆಕ್ಕವಿದೆ.

ಮಂತ್ರೌಷಧಗಳನ್ನು ಬಲ್ಲ ಒಬ್ಬನು ಕೋಳಿಕಾಳಗ ನಡೆಯುವಲ್ಲಿಗೆ ಬರುತ್ತಾನೆ. ಎರಡೂ ಕೋಳಿಗಳ ಒಡೆಯರೊಡನೆ ಬೇರೆಬೇರೆಯಾಗಿ ಗುಟ್ಟಿನ ಮಾತು ಆಡುತ್ತಾನೆ. ಒಬ್ಬನಿಗೆ, ‘ನಿನ್ನ ಹಕ್ಕಿ ಗೆದ್ದರೆ ನೀನು ಗೆದ್ದ ಪಣವನ್ನು ನನಗೆ ಕೊಡು, ಸೋತರೆ ನಿನ್ನ ಪಣದ ಮೂರರಲ್ಲಿ ಎರಡು ಪಾಲನ್ನು ನಾನು ನಿನಗೆ ಕೊಡುತ್ತೇನೆ’ ಎನ್ನುತ್ತಾನೆ. ಇನ್ನೊಬ್ಬನಿಗೂ ಅದೇ ಮಾತು, ಆದರೆ ಸೋತರೆ ಕೊಡುವುದು ನಾಲ್ಕರಲ್ಲಿ ಮೂರು ಪಾಲು. ಯಾರು ಗೆದ್ದರೂ ಇವನಿಗೆ ಹನ್ನೆರಡು ಹೊನ್ನು ಲಾಭ. ಹಾಗಾದರೆ ಇಬ್ಬರ ಪಣಗಳೆಷ್ಟು? ಉತ್ತರ: 42 ಮತ್ತು 40. ಒಂದು ಕಡೆ ಗೆದ್ದರೆ 42 ಬಂದು, 40ರ ಮುಕ್ಕಾಲಾದ 30 ಹೋಗಿ 12 ಉಳಿಯುತ್ತದೆ. ಇನ್ನೊಂದು ಕಡೆ ಗೆದ್ದರೆ 40 ಬಂದು, 42ರ ಮೂರರಲ್ಲೆರಡಾದ 28 ಹೋಗಿ ಆಗಲೂ 12 ಉಳಿಯುತ್ತದೆ.

ಈ ಲೆಕ್ಕ ಕಲಿತ ಹುಡುಗನಿಗೆ ಜೂಜಿನ ಅಂತರಂಗ ತಿಳಿಯಿತೆಂದೇ ಹೇಳಬಹುದು. ಕಾಳಗ ಕೋಳಿಗಳದು, ಆತಂಕ ಒಡೆಯರದು, ಲಾಭ ಮಾತ್ರ ನಡುವೆ ನಿಂತವನದು. ಮಂತ್ರವೂ ಮದ್ದೂ ಅವನ ವೇಷ. ನಿಜವಾದ ಶಕ್ತಿ ಭಿನ್ನರಾಶಿಯಲ್ಲಿದೆ. ಇಂದಿನ ಕ್ಯಾಸಿನೊದ ರೂಲೆಟ್ ಚಕ್ರವನ್ನು ಇದಕ್ಕೆ ಹೋಲಿಸಬಹುದು. ಯೂರೋಪಿಯನ್ ಬಗೆಯ ಚಕ್ರದಲ್ಲಿ 37 ಮನೆಗಳಿವೆ. ಒಂದೇ ಅಂಕೆಗೆ ಕಟ್ಟಿ ಗೆದ್ದರೆ ಸಿಗುವುದು 35ರಷ್ಟು. ಮೂವತ್ತೇಳೂ ಮನೆಗಳ ಮೇಲೆ ಒಂದೊಂದು ರೂಪಾಯಿ ಇಟ್ಟವನ ಕೈಗೆ, ಇಟ್ಟ ಒಂದು ರೂಪಾಯಿಯೂ ಸೇರಿ, ಮರಳುವುದು 36. ಉಳಿದ ಒಂದು ರೂಪಾಯಿ ಮನೆಯೊಡೆಯನದು. ನೂರಕ್ಕೆ 2.7ರಷ್ಟು ಎಂಬ ಈ ಪಾಲು ಅಲ್ಪವೆನಿಸಿದರೂ ಪ್ರತಿ ಸುತ್ತಿಗೂ ಅದು ಕಡಿತವಾಗುತ್ತಲೇ ಇರುತ್ತದೆ. ಹೆಚ್ಚು ಹೊತ್ತು ಆಡಿದಷ್ಟೂ ಸೋಲು ಖಚಿತವಾಗುತ್ತದೆ. ಮಹಾವೀರಾಚಾರ್ಯ ಜೂಜನ್ನು ಬೈಯಲಿಲ್ಲ. ಅದರ ಲೆಕ್ಕವನ್ನು ಬಿಡಿಸಿ ತೋರಿದ. ಇಂದಿನ ಶಾಲೆಗಳಲ್ಲಿ ಸಂಭವನೀಯತೆಯ ಪಾಠಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಗಡಿ ದಾಟಿದ ಪದಬಂಧ

ಬ್ರಿಟಿಷರ ಕಾಲದಲ್ಲಿ ಬೆಳಗಾವಿ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1887ರ ಮುಂಬಯಿ ಜೂಜು ತಡೆ ಕಾಯಿದೆ ಇಲ್ಲಿ ಜಾರಿಯಲ್ಲಿತ್ತು. 1872ರ ಭಾರತೀಯ ಕರಾರು ಕಾಯಿದೆಯ 30ನೆಯ ಕಲಮು ಬಾಜಿಯ ಒಪ್ಪಂದಗಳನ್ನು ಅಸಿಂಧುವೆಂದು ಸಾರಿತು. ಇದು ಯಾಜ್ಞವಲ್ಕ್ಯನ ವ್ಯವಸ್ಥೆಗೆ ವಿರುದ್ಧವಾದುದು. ಅಲ್ಲಿ ಅನುಮತಿಯಿರುವ ಸಭೆಯ ಗೆಲವನ್ನು ರಾಜನೇ ಕೊಡಿಸುತ್ತಿದ್ದ. ಇಲ್ಲಿ ನ್ಯಾಯಾಲಯ ಕೈಯಾಡಿಸುವುದಿಲ್ಲ.

ಸ್ವಾತಂತ್ರ್ಯಾನಂತರದ ಮೊದಲ ದೊಡ್ಡ ವ್ಯಾಜ್ಯ ಹುಟ್ಟಿದ್ದು ಇಂಥದೇ ಗಡಿಯ ತೊಡಕಿನಿಂದ. ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ಪತ್ರಿಕೆ ಬಹುಮಾನದ ಪದಬಂಧ ಸ್ಪರ್ಧೆಯನ್ನು ನಡೆಸುತ್ತಿತ್ತು. ಅದು ಮುಂಬಯಿ ರಾಜ್ಯದಲ್ಲಿಯೂ ಪ್ರಸಾರವಾಗುತ್ತಿತ್ತು. ಲಾಟರಿ ಮತ್ತು ಬಹುಮಾನಸ್ಪರ್ಧೆಗಳ ಕುರಿತ 1948ರ ಕಾಯಿದೆಯನ್ನು ಮುಂಬಯಿ ಸರಕಾರ 1952ರಲ್ಲಿ ತಿದ್ದಿ, ಹೊರರಾಜ್ಯದಲ್ಲಿ ಅಚ್ಚಾದ ಪತ್ರಿಕೆಗಳ ಸ್ಪರ್ಧೆಗೂ ತೆರಿಗೆ ಹಾಕಿತು. ಚಮರ್‌ಬಾಗ್‌ವಾಲಾ ಪ್ರಕರಣವೆಂದು ಪ್ರಸಿದ್ಧವಾದ ಈ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯ 1957ರ ಏಪ್ರಿಲ್ 9ರಂದು ತೀರ್ಪಿತ್ತು, ಜೂಜು ಸಂವಿಧಾನ ರಕ್ಷಿಸುವ ವ್ಯಾಪಾರವೇ ಅಲ್ಲ ಎಂದಿತು. ಮುಖ್ಯ ನ್ಯಾಯಮೂರ್ತಿ ಎಸ್. ಆರ್. ದಾಸ್ ಅವರು ತಮ್ಮ ತೀರ್ಪಿನಲ್ಲಿ ಋಗ್ವೇದದ ಜೂಜುಗಾರನ ಸೂಕ್ತ, ಮಹಾಭಾರತ, ಮನು, ಯಾಜ್ಞವಲ್ಕ್ಯ, ಕೌಟಿಲ್ಯ, ಬೃಹಸ್ಪತಿ ಎಲ್ಲರನ್ನೂ ನೆನೆದರು. ತೀರ್ಪು ಬರುವ ಹೊತ್ತಿಗೆ ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿ ಐದು ತಿಂಗಳು ಕಳೆದಿತ್ತು. ರಾಜ್ಯಗಳ ಗಡಿ ಸರಿಯಿತು, ಆದರೆ ಗಡಿಯಾಚೆಯಿಂದ ಬರುವ ಆಟವನ್ನು ಈಚೆಯ ಕಾನೂನು ಹೇಗೆ ಹಿಡಿಯಬೇಕೆಂಬ ಪ್ರಶ್ನೆ ಉಳಿಯಿತು.

ಘಟ್ಟದ ಎರಡು ಮಗ್ಗುಲು

ಚಾರಿತ್ರಿಕವಾಗಿ ಚೋರ್ಲಾದ ಘಟ್ಟ ಯಾವಾಗಲೂ ಗಡಿಯಾಗಿರಲಿಲ್ಲ. ಖಾನಾಪುರ ತಾಲೂಕಿನ ಹಲಸಿ, ಎಂದರೆ ಪ್ರಾಚೀನ ಪಲಾಶಿಕಾ, ಬನವಾಸಿಯ ಕದಂಬರ ಎರಡನೆಯ ರಾಜಧಾನಿ. ಮೃಗೇಶವರ್ಮನು ಅಲ್ಲಿ ತಂದೆಯ ನೆನಪಿಗೆ ಜಿನಾಲಯ ಕಟ್ಟಿಸಿ ಯಾಪನೀಯ, ನಿರ್ಗ್ರಂಥ, ಕೂರ್ಚಕ ಸಂಘಗಳಿಗೆ ದತ್ತಿ ಬಿಟ್ಟುದನ್ನು ತಾಮ್ರಶಾಸನ ಹೇಳುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಗೋವೆಯ ಕದಂಬರು ಪಲಸಿಗೆ 12000 ಮತ್ತು ಕೊಂಕಣ 900 ಎರಡನ್ನೂ ಆಳಿದರು. ಆಗ ಘಟ್ಟದ ಮೇಲೆ ಕೆಳಗೆ ಒಂದೇ ಆಳ್ವಿಕೆ.

ಇಂದು ಹಾಗಿಲ್ಲ. 1976ರ ಗೋವಾ, ದಮನ್ ಮತ್ತು ದಿಯು ಸಾರ್ವಜನಿಕ ಜೂಜು ಕಾಯಿದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಯಂತ್ರದ ಆಟಗಳಿಗೆ, 1996ರಲ್ಲಿ ಹಡಗುಗಳ ಮೇಲೆ ಮೇಜಿನ ಆಟಗಳಿಗೂ ಅವಕಾಶ ನೀಡಲಾಯಿತು. 2020ರ ಫೆಬ್ರವರಿ 1ರಿಂದ ಗೋವೆಯ ಸ್ಥಳೀಯರು ಕ್ಯಾಸಿನೊಗಳಲ್ಲಿ ಆಡುವಂತಿಲ್ಲವೆಂಬ ನಿರ್ಬಂಧವನ್ನು ಅಲ್ಲಿಯ ಸರಕಾರ ಜಾರಿಗೊಳಿಸಿತು. ಇದರ ತಾತ್ಪರ್ಯವನ್ನು ಘಟ್ಟದ ಮೇಲಿನವರು ಯೋಚಿಸಬೇಕು. ಆಟ ಹಾನಿಕರವೆಂದು ಆ ಸರಕಾರಕ್ಕೆ ತಿಳಿದಿದೆ. ತನ್ನ ಜನರನ್ನು ಅದು ಕಾಪಾಡಿಕೊಂಡಿದೆ. ಬಾಗಿಲು ತೆರೆದಿರುವುದು ಹೊರಗಿನವರಿಗೆ, ಎಂದರೆ ಮೊದಲಿಗೆ ನೆರೆಯ ರಾಜ್ಯಗಳವರಿಗೆ.

ಕರ್ನಾಟಕದ ದಾರಿ ನಿಷೇಧದ್ದು. 1963ರ ಪೊಲೀಸ್ ಕಾಯಿದೆ ಜೂಜುಕಟ್ಟೆ, ಮಟಕಾ, ಬೀದಿಯ ಬಾಜಿಗಳನ್ನು ಅಪರಾಧವೆನ್ನುತ್ತದೆ. 2007ರ ಏಪ್ರಿಲ್ 1ರಿಂದ ರಾಜ್ಯದಲ್ಲಿ ಲಾಟರಿ ನಿಂತಿತು. ಆದರೆ ದಕ್ಷಿಣದ ಗಡಿಯಾಚೆ, ಕಾಸರಗೋಡಿನ ಕನ್ನಡಿಗರ ಊರುಗಳಲ್ಲಿ, ಕೇರಳ ಸರಕಾರವೇ 1967ರಲ್ಲಿ ಆರಂಭಿಸಿದ ಲಾಟರಿ ಇಂದಿಗೂ ನಡೆಯುತ್ತಿದೆ. 2021ರಲ್ಲಿ ಕರ್ನಾಟಕ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ತಂದ ತಿದ್ದುಪಡಿಯ ಮುಖ್ಯ ಭಾಗವನ್ನು ಉಚ್ಚ ನ್ಯಾಯಾಲಯ 2022ರ ಫೆಬ್ರವರಿ 14ರಂದು ರದ್ದುಪಡಿಸಿತು. ಕೌಶಲದ ಆಟವನ್ನು ಅದೃಷ್ಟದ ಆಟದೊಡನೆ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬುದು ಅದರ ಒಂದು ಆಧಾರ. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯಿದೆಯಾದರೋ ಈ ಭೇದವನ್ನೇ ಬದಿಗಿಟ್ಟು, ಹಣ ಕಟ್ಟುವ ಆಟ ಕೌಶಲದ್ದಾಗಲಿ ಅದೃಷ್ಟದ್ದಾಗಲಿ ಅದನ್ನು ಒದಗಿಸುವುದನ್ನೂ ಅದರ ಜಾಹೀರಾತನ್ನೂ ನಿಷೇಧಿಸಿತು. ಆಡುವವನನ್ನು ಅದು ಅಪರಾಧಿಯೆನ್ನುವುದಿಲ್ಲ. ಸೋತವನನ್ನು ದಂಡಿಸಿದರೆ ದೂರು ಬಾರದೆಂಬ ಕೌಟಿಲ್ಯನ ಮಾತಿಗೆ ಇದು ಸಮೀಪವಾದ ನಿಲುವು.

ತೆರಿಗೆಯ ಚರಿತ್ರೆಯೂ ಗಮನಿಸತಕ್ಕದ್ದು. ಕೌಟಿಲ್ಯನದು ಗೆಲವಿನ ಮೇಲೆ ನೂರಕ್ಕೆ ಐದು. ಕ್ಯಾಸಿನೊಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ನೂರಕ್ಕೆ 40. ಎರಡರ ಲೆಕ್ಕದ ಆಧಾರ ಬೇರೆಯಾದುದರಿಂದ ನೇರ ಹೋಲಿಕೆ ಸಲ್ಲದು. ಆದರೆ ಒಂದು ದೋಷ ಎರಡರಲ್ಲಿಯೂ ಸಮಾನ: ಅಂಕೆಯಲ್ಲಿಡಬೇಕಾದವನೇ ಪಾಲುದಾರನಾಗುತ್ತಾನೆ. ಆಟ ಕಡಿಮೆಯಾದರೆ ಬೊಕ್ಕಸಕ್ಕೆ ನಷ್ಟ. ನಿಯಂತ್ರಣದ ಪರಂಪರೆಯ ಹುಟ್ಟುಕೊರತೆ ಇದು.

ದ್ರೌಪದಿಯ ಪ್ರಶ್ನೆ

ಶಿಕ್ಷಣದ ಪರಂಪರೆಗೂ ಕೊರತೆಗಳಿವೆ. ಸಪ್ತವ್ಯಸನದ ಪಟ್ಟಿ ಕಾಲಕ್ರಮದಲ್ಲಿ ಬಾಯಿಪಾಠವಾಯಿತು. ವ್ರತ ತೊಟ್ಟವರ ವಲಯದಾಚೆಗೆ ಅದು ಹೆಚ್ಚು ಹರಡಲಿಲ್ಲ. ಮುಖ್ಯವಾಗಿ, ಅದು ಮಾತಾಡಿದ್ದು ಗೃಹಸ್ಥ ಪುರುಷನೊಡನೆ; ಆ ಪಟ್ಟಿಯಲ್ಲಿ ಹೆಣ್ಣು ವ್ಯಸನದ ವಿಷಯವಾಗಿ ಬರುತ್ತಾಳೆಯೇ ಹೊರತು ವ್ಯಸನದ ಭಾರ ಹೊರುವವಳಾಗಿ ಅಲ್ಲ. ಮಿತಾಕ್ಷರಾ ಮಗನನ್ನು ಸಾಲದಿಂದ ಬಿಡಿಸಿತು. ಆದರೆ ತನ್ನನ್ನೇ ಸೋತವನಿಗೆ ನನ್ನನ್ನು ಒಡ್ಡುವ ಹಕ್ಕು ಎಲ್ಲಿಯದು ಎಂದು ಕುಮಾರವ್ಯಾಸನ ದ್ರೌಪದಿಯೂ ಕೇಳಿದ ಪ್ರಶ್ನೆಗೆ ಸಭೆ ಉತ್ತರಿಸಲಿಲ್ಲ. ಇಂದು ಗಂಡನೋ ಮಗನೋ ಮೊಬೈಲಿನಲ್ಲಿ ಸೋತ ಹಣಕ್ಕೆ ಕೊರಳ ಚಿನ್ನವನ್ನು ಅಡವಿಡಬೇಕಾದ ಹೆಣ್ಣಿನ ಪ್ರಶ್ನೆಯೂ ಅದೇ.

ಈ ಪ್ರಶ್ನೆಗೆ ಕಾನೂನು ಉತ್ತರಿಸಬಲ್ಲುದು ಎಂಬುದಕ್ಕೆ ಸಿಂಗಾಪುರದ ವ್ಯವಸ್ಥೆ ಉದಾಹರಣೆ. 2010ರಲ್ಲಿ ಅಲ್ಲಿ ಕ್ಯಾಸಿನೊಗಳು ತೆರೆದಾಗ ಸ್ವದೇಶದವರಿಗೆ ದಿನಕ್ಕೆ 100 ಡಾಲರ್ ಪ್ರವೇಶಶುಲ್ಕ ವಿಧಿಸಲಾಯಿತು. 2019ರಲ್ಲಿ ಅದು 150ಕ್ಕೆ ಏರಿತು. ಆಡುವವನು ತನಗೆ ಪ್ರವೇಶ ಬೇಡವೆಂದು ತಾನೇ ಬರೆಸಬಹುದು. ಮನೆಯವರೂ ಅವನನ್ನು ತಡೆಯುವಂತೆ ಅರ್ಜಿ ಸಲ್ಲಿಸಬಹುದು. ಮೊದಲನೆಯದು ಶ್ರಾವಕನ ವ್ರತದ ಲೌಕಿಕ ರೂಪ: ಮನಸ್ಸು ಗಟ್ಟಿಯಿರುವಾಗ ತೊಟ್ಟ ಪಣ, ಮನಸ್ಸು ಸಡಿಲವಾದಾಗ ಕಾಯುವ ಬೇಲಿ. ಎರಡನೆಯದು ದ್ರೌಪದಿಗೆ ಸಿಗದ ಹಕ್ಕು.

ಈ ಚರಿತ್ರೆಯಿಂದ ಬೆಳಗಾವಿ-ಖಾನಾಪುರದಂಥ ಗಡಿನಾಡಿಗೆ ಕೆಲವು ಪಾಠಗಳು ದೊರೆಯುತ್ತವೆ. ಒಂದು ರಾಜ್ಯದ ನಿಷೇಧ ಇನ್ನೊಂದು ರಾಜ್ಯದ ಪರವಾನಗಿಯ ಮುಂದೆ ದುರ್ಬಲ; ನೀರಿನ ಹಂಚಿಕೆಗೆ ನ್ಯಾಯಮಂಡಳಿಯ ಮುಂದೆ ಕುಳಿತ ರಾಜ್ಯಗಳು ಇದಕ್ಕಾಗಿಯೂ ಕುಳಿತು ಮಾತಾಡಬಹುದು. ಗೋವೆ ತನ್ನವರಿಗೆ ಕೊಟ್ಟ ರಕ್ಷಣೆಯನ್ನು, ಮನೆಯವರ ಅರ್ಜಿಯ ಮೇಲಾದರೂ, ನೆರೆಯವರಿಗೆ ವಿಸ್ತರಿಸುವಂತೆ ಕೇಳುವುದು ಅನುಚಿತವಲ್ಲ. ಶಾಲೆಯಲ್ಲಿ ಮಹಾವೀರಾಚಾರ್ಯನ ಲೆಕ್ಕವನ್ನೂ ಸಭಾಪರ್ವದ ದ್ಯೂತಪ್ರಸಂಗವನ್ನೂ ಒಟ್ಟಿಗೆ ಕಲಿಸಬಹುದು. ಒಂದು ಬುದ್ಧಿಗೆ, ಇನ್ನೊಂದು ಹೃದಯಕ್ಕೆ. ಅದನ್ನು ಗಡಿಯ ಜನ ಆಡುವ ಕನ್ನಡ, ಮರಾಠಿ, ಕೊಂಕಣಿಗಳಲ್ಲಿ ಹೇಳುವುದು ನಯಸೇನನ ವಿವೇಕ. ಸಿಕ್ಕಿಬಿದ್ದವನನ್ನು ಹಳಿಯದೆ ಚಿಕಿತ್ಸೆಗೆ ಕರೆದೊಯ್ಯಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ತಂತ್ರಜ್ಞಾನ ವ್ಯಸನಕ್ಕೆ 2014ರಿಂದ ಪ್ರತ್ಯೇಕ ಚಿಕಿತ್ಸಾಲಯವಿದೆ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಳ್ಳಿಯಿಂದಲೂ ಕರೆ ಮಾಡಬಹುದು.

‘ಹೊಣೆಯರಿತ ಜೂಜು’ ಎಂಬ ಮಾತನ್ನು ಆಶಾಧರ ಒಪ್ಪುತ್ತಿರಲಿಲ್ಲ. ಹೊಣೆಯರಿತವನು ಬಾಜಿ ಕಟ್ಟಲಾರ ಎನ್ನುತ್ತಿದ್ದ. ವಿಜ್ಞಾನೇಶ್ವರ ಒಪ್ಪುತ್ತಿದ್ದ, ಆದರೆ ಹೊಣೆಯನ್ನು ಆಡುವವನೊಬ್ಬನ ತಲೆಗೆ ಕಟ್ಟದೆ ಸಭಿಕನ ಮೇಲೆ, ರಾಜನ ಮೇಲೆ ಹೊರಿಸುತ್ತಿದ್ದ. ಇಂದಿನ ಬಳಕೆಯಲ್ಲಿ ಆ ಮಾತು ಬಹುತೇಕ ಆಡುವವನನ್ನೇ ಉದ್ದೇಶಿಸಿದೆ. ಆಟದ ಮನೆಯೊಡೆಯನಿಗೂ ಪಾಲು ಪಡೆಯುವ ಸರಕಾರಕ್ಕೂ ಅದು ಅಷ್ಟೇ ಅನ್ವಯಿಸಬೇಕು. ಹಲಗೆಯ ಮುಂದೆ ಕುಳಿತವನು ಒಬ್ಬನೇ ಆದರೂ ಅವನು ಒಡ್ಡುವ ಪಣ ಅವನೊಬ್ಬನದಲ್ಲ.